ಏಕಾದಶಿ ಮಾಡಿದ ರಕ್ತಪಿಶಾಚಿ

ವ್ಯಾಂಪೈರ್‌ಗೆ ಒಂದು ಕಟ್ಟುಪಾಡಿದೆ. ಮನೆಯವರು ಬಾ ಅಂತ ಕರೆಯದೆ ಹೊಸ್ತಿಲು ದಾಟುವಂತಿಲ್ಲ. ಯುರೋಪಿನ ಯಾವುದೋ ಚಳಿ ಊರಲ್ಲಿ, ಒಳಗಿನಿಂದ ಅಗಳಿ ಹಾಕಿಕೊಂಡು ಕೂತ ಮನೆಗಳ ನಡುವೆ, ಇದು ದೊಡ್ಡ ಅಡ್ಡಿಯೇ ಇರಬೇಕು. ಧಾರವಾಡದಲ್ಲಿ ಈ ಕಟ್ಟುಪಾಡಿಗೆ ಮೂರು ಕಾಸಿನ ಬೆಲೆ ಇಲ್ಲ. ಇಲ್ಲಿ ಕರೆಂಟ್ ಬಿಲ್ ಕೊಡಲು ಬಂದವನಿಗೂ "ಬರ್ರಿ, ಒಳಗ ಬರ್ರಿ, ಚಾ ಕುಡದ ಹೋಗೀರಂತ" ಅಂತಾರೆ. ಇಲ್ಲಿ ಒಳಗೆ ಹೋಗೋದು ಕಷ್ಟವೇ ಅಲ್ಲ. ಏನೂ ತಿನ್ನದೆ ಹೊರಗೆ ಬರೋದು ಕಷ್ಟ. ಇದು ನನಗೆ ಗೊತ್ತಿದ್ದ ವಿಷಯವೇ, ಆದರೂ ಒಂದು ಮಳೆಗಾಲದ ಭಾನುವಾರ ಮಾಳಮಡ್ಡಿಯ ಒಂದು ಮನೆಯ ಪಡಸಾಲೆಯಲ್ಲಿ ಕೂತು ರಕ್ತಪಿಶಾಚಿಯ ಪಾತ್ರ ಆಡುವವರೆಗೂ ಇದರ ಪೂರ್ತಿ ರುಚಿ ಗೊತ್ತಿರಲಿಲ್ಲ.

ಆಟ ಗೊತ್ತಿಲ್ಲದವರಿಗೆ ಸ್ವಲ್ಪ ಹೇಳಿಬಿಡುತ್ತೇನೆ. ಡಂಜನ್ಸ್ ಅಂಡ್ ಡ್ರ್ಯಾಗನ್ಸ್. 1974ರಲ್ಲಿ ಅಮೆರಿಕದ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಶುರು ಮಾಡಿದ್ದು. ಸುತ್ತ ಕೂತು ಬಾಯಲ್ಲೇ ಆಡುವ ಆಟ. ಒಬ್ಬರು ಡಂಜನ್ ಮಾಸ್ಟರ್, ಅಂದರೆ ಡಿಎಂ. ಅವರು ಊರು, ಕಾಡು, ಶತ್ರು, ಮುದುಕಿ, ಎಮ್ಮೆ ಎಲ್ಲಾ ಆಗುತ್ತಾರೆ. ಉಳಿದವರಿಗೆ ಒಂದೊಂದು ಪಾತ್ರ. ಏನು ಮಾಡುತ್ತೀರಿ ಅಂತ ನೀವು ಹೇಳಬೇಕು, ಆಗುತ್ತೋ ಇಲ್ಲವೋ ಅಂತ ಇಪ್ಪತ್ತು ಮುಖದ ಡೈಸ್ ಹೇಳುತ್ತೆ. ಹಾರ್ಮೋನಿಯಂ ಇಲ್ಲದ, ಮಾತು ಬರೆದಿಡದ ಸಣ್ಣಾಟ ಅಂದುಕೊಳ್ಳಿ.

ನಮ್ಮ ಡಿಎಂ ಕೃಷಿ ವಿಶ್ವವಿದ್ಯಾಲಯದಲ್ಲಿ ಸಂಶೋಧನೆ ಮಾಡುವ ಹುಡುಗಿ. ಆಟ ನಡೆಯೋದು ಅವಳ ಅಜ್ಜಿಯ ಮನೆಯಲ್ಲಿ. ನಾನು ಹುಬ್ಬಳ್ಳಿಯಿಂದ ಚಿಗರಿ ಬಸ್ಸಿನಲ್ಲಿ ಹೋಗುತ್ತೇನೆ, ಒಬ್ಬ ಗದಗಿನಿಂದ ಬರುತ್ತಾನೆ, ಉಳಿದವರು ಅಲ್ಲೇ ಸಪ್ತಾಪುರದ ಕಡೆಯವರು.

ನನಗೆ ಪೂರ್ತಿ ವ್ಯಾಂಪೈರ್ ಆಗಬೇಕಿತ್ತು. ಡಿಎಂ ಸುತಾರಾಂ ಒಪ್ಪಲಿಲ್ಲ. ಅವಳು ಹೇಳಿದ್ದೂ ಸರಿಯೇ. ನಾವು ಆಡುವ 2014ರ ಪುಸ್ತಕದಲ್ಲಿ ವ್ಯಾಂಪೈರ್ ಅನ್ನೋದು ದೊಡ್ಡ ರಾಕ್ಷಸ. 144 ಹಿಟ್ ಪಾಯಿಂಟ್ (ಎಷ್ಟು ಪೆಟ್ಟು ತಡೆಯಬಹುದು ಅನ್ನೋ ಲೆಕ್ಕ), ಪ್ರತಿ ಸರದಿಗೆ 20 ತಾನಾಗೇ ವಾಪಸ್ ಬರುತ್ತೆ, ಬಾವಲಿ ಆಗುತ್ತೆ, ಮಂಜಾಗುತ್ತೆ. ನಾಲ್ಕನೇ ಲೆವೆಲ್ಲಿನ ಬಡಪಾಯಿಗಳ ಗುಂಪಿನಲ್ಲಿ ಇಂಥದ್ದೊಂದು ಇದ್ದರೆ ಉಳಿದವರು ಚಹಾ ಕುಡಿಯುತ್ತಾ ಕೂರಬೇಕಷ್ಟೆ. ಕೊನೆಗೆ ಡಾಂಪೀರ್ ಅಂತ ಒಪ್ಪಂದ ಆಯಿತು. ಅರ್ಧ ಮನುಷ್ಯ, ಅರ್ಧ ಪಿಶಾಚಿ. 2021ರಲ್ಲಿ ಬಂದ ಪುಸ್ತಕದಲ್ಲಿದೆ. ಕತ್ತಲಲ್ಲಿ ಕಣ್ಣು ಕಾಣುತ್ತೆ, ಉಸಿರಾಡಬೇಕಾಗಿಲ್ಲ, ಮೂರನೇ ಲೆವೆಲ್ ಆದಮೇಲೆ ಹಲ್ಲಿಯ ಹಾಗೆ ಜಂತಿಗೆ ಅಂಟಿಕೊಂಡು ಓಡಾಡಬಹುದು. ಕಚ್ಚಿದರೆ ಎಷ್ಟು ಪೆಟ್ಟು ಬಿತ್ತೋ ಅಷ್ಟು ನಮ್ಮ ಗಾಯ ಮಾಯುತ್ತೆ, ಅದೂ ದಿನಕ್ಕೆ ಇಷ್ಟೇ ಸಲ ಅಂತ ಲೆಕ್ಕ ಇದೆ.

ಆದರೆ ಡಾಂಪೀರ್‌ಗೆ ಬಿಸಿಲಿನ ಕಾಟ ಇಲ್ಲ, ಹೊಸ್ತಿಲಿನ ಕಾಟವೂ ಇಲ್ಲ. ಇದೇನು ಪಿಶಾಚಿ? ನನ್ನ ಪ್ರಕಾರ ಶಕ್ತಿಗಳಿಂದ ಪಾತ್ರ ಆಗಲ್ಲ. ಗೋಡೆ ಹತ್ತೋದು ಎರಡು ಸಲ ಚೆಂದ, ಮೂರನೇ ಸಲ ಬೇಜಾರು. ಏನು ಮಾಡಬಾರದು ಅಂತ ಇರುತ್ತಲ್ಲ, ಅದರಲ್ಲಿ ಆಟ ಇರೋದು. ಅದಕ್ಕೆ ದೊಡ್ಡ ವ್ಯಾಂಪೈರಿನ ದೌರ್ಬಲ್ಯಗಳನ್ನೂ ನನಗೇ ಹಚ್ಚು ಅಂತ ದುಂಬಾಲು ಬಿದ್ದೆ. ಹೊಸ್ತಿಲು ಬಂತು. ಮನುಷ್ಯರ ಊಟ ಒಗ್ಗುವುದಿಲ್ಲ ಅನ್ನೋದನ್ನು ನಾವೇ ಸೇರಿಸಿದೆವು. ಬಿಸಿಲಿನ ಬಗ್ಗೆ ಮಾತ್ರ ದೊಡ್ಡ ವಾದ ಆಯಿತು. ಮಂತ್ರವಾದಿಯ ಪಾತ್ರ ಆಡುವವನು ಸಿಕ್ಕಿದ್ದೆಲ್ಲ ಓದುವವನು. 1897ರ ಡ್ರಾಕುಲಾ ಕಾದಂಬರಿಯಲ್ಲಿ ಅವನು ಹಾಡುಹಗಲೇ ಲಂಡನ್ನಿನಲ್ಲಿ ಓಡಾಡುತ್ತಾನೆ, ಶಕ್ತಿ ಕಮ್ಮಿ ಆಗುತ್ತೆ ಅಷ್ಟೇ, ಬಿಸಿಲಿಗೆ ಸಾಯೋದು ಶುರುವಾಗಿದ್ದು 1922ರ ಜರ್ಮನ್ ಮೂಕಿ ಚಿತ್ರದಿಂದ ಅಂದ. ಆಟದ ಪುಸ್ತಕದಲ್ಲಿ ಬಿಸಿಲಲ್ಲಿ ಸರದಿಗೆ 20 ಪೆಟ್ಟು. ನನ್ನ ಪಾತ್ರ ಎರಡು ಹೆಜ್ಜೆಗೆ ಬೂದಿ. ಅದಕ್ಕೆ ಕಾದಂಬರಿಯ ಲೆಕ್ಕವನ್ನೇ ಇಟ್ಟುಕೊಂಡೆವು. ಬಿಸಿಲಲ್ಲಿ ಏನು ಮಾಡಿದರೂ ಎರಡು ಡೈಸ್ ಹಾಕಿ ಚಿಕ್ಕದನ್ನು ತೆಗೆದುಕೊಳ್ಳಬೇಕು.

ಪಾತ್ರಕ್ಕೆ ನಾನು ವಜ್ರಕಾಂತ ಅಂತ ಗಂಭೀರವಾದ ಹೆಸರಿಟ್ಟಿದ್ದೆ. ಮೊದಲ ದಿನವೇ ಗದಗಿನವನು ರಗತಪ್ಪ ಅಂದ. ಅಲ್ಲಿಗೆ ವಜ್ರಕಾಂತ ಮುಗಿದ.

ಆ ಭಾನುವಾರ ಆಷಾಢ ಏಕಾದಶಿ. ನಮಗೆ ನೆನಪಿರಲಿಲ್ಲ. ಗದಗಿನವನು ಅಲ್ಲಿಯ ಬದನೆಕಾಯಿ ಭಜಿ ಕಟ್ಟಿಸಿಕೊಂಡು ಬಂದಿದ್ದ. ಅವನನ್ನು ಭಜಿ ಸಮೇತ ಹೊರಗಿನ ಕಟ್ಟೆಯ ಮೇಲೆ ಕೂರಿಸಿದರು, ತಿಂದು ಬಾಯಿ ಮುಕ್ಕಳಿಸಿ ಒಳಗೆ ಬಾ ಅಂತ. ಅಜ್ಜಿ ಬೆಳಿಗ್ಗೆಯೇ ಮಠಕ್ಕೆ ಹೋಗಿ ಮುದ್ರೆ ಹಾಕಿಸಿಕೊಂಡು ಬಂದಿದ್ದರು. ಪ್ರಥಮೇಕಾದಶಿಗೆ ಮಾಧ್ವರು ಶಂಖ, ಚಕ್ರದ ಲೋಹದ ಮುದ್ರೆಗಳನ್ನು ಹೋಮದ ಬೆಂಕಿಯಲ್ಲಿ ಕಾಸಿ ತೋಳಿಗೆ ಒತ್ತಿಸಿಕೊಳ್ಳುತ್ತಾರಲ್ಲ, ಅದು. ತೋಳಿನ ಮೇಲೆ ಚಕ್ರದ ಗುರುತು ಕೆಂಪಗೆ, ಅಂಚು ಸ್ವಲ್ಪ ಉಬ್ಬಿಕೊಂಡು, ಇನ್ನೂ ಹಸಿಯಾಗಿತ್ತು. ನಮ್ಮ ಗುಂಪಿನ ಪೂಜಾರಿ ಪಾತ್ರದವಳು ನನ್ನ ಕಿವಿಯಲ್ಲಿ "ಹುಷಾರಾಗಿರು ರಗತಪ್ಪಾ" ಅಂದಳು. ಅಜ್ಜಿ ಅವತ್ತು ನೀರೂ ಕುಡಿಯಲ್ಲ. ಆದರೆ ನಮಗೆಲ್ಲ ಸಾಬುದಾಣಿ ಖಿಚಡಿ ಮಾಡಿದ್ದರು, ಮತ್ತೆ ಮತ್ತೆ ಬಂದು ಬಡಿಸುತ್ತಿದ್ದರು.

ಹಾಗೆ ಬಡಿಸುವಾಗ ಡೈಸ್ ನೋಡಿ, "ಏನಿದು, ಪಗಡಿ ಆಟೇನು?" ಅಂದರು.

"ಅಂಥಾದ್ದ ಅಜ್ಜಿ. ಎಲ್ಲಾರೂ ಒಂದೊಂದು ಪಾತ್ರ ಆಗ್ತೀವಿ" ಅಂದಳು ಡಿಎಂ.

"ಇವ ಏನಾಗ್ಯಾನ?"

"ರಕ್ತ ಕುಡಿಯೋ ಪಿಶಾಚಿ ಆಗ್ಯಾನ."

ಅಜ್ಜಿ ನನ್ನನ್ನು ಮೇಲಿಂದ ಕೆಳಗೆ ನೋಡಿ, "ಇವತ್ತ ಏಕಾದಶಿ ಅದ. ನಾಳೆ ಕುಡೀಲಿ" ಅಂತ ಹೇಳಿ ಒಳಗೆ ಹೋದರು.

ಆಟದಲ್ಲಿ ಅವತ್ತು ನಮ್ಮ ಗ್ರಹಚಾರ ನೆಟ್ಟಗಿರಲಿಲ್ಲ. ದೇಸಾಯಿಯ ಕಡೆಯ ಸಿಪಾಯಿಗಳು ಬೆನ್ನಟ್ಟಿ ಗುಂಪು ಚದುರಿ ಹೋಗಿತ್ತು. ರಗತಪ್ಪ ಒಬ್ಬನೇ. 5 ಹಿಟ್ ಪಾಯಿಂಟ್ ಉಳಿದಿತ್ತು. ರಾತ್ರಿ, ಜಡಿಮಳೆ, ಊರ ಹೊರಗೆ ಒಂದು ಒಂಟಿ ಮನೆ. ಹೊರಗೂ ಹಾಗೇ, ಧಾರವಾಡದ ಜಿಟಿಜಿಟಿ ಮಳೆ, ಹಂಚಿನಿಂದ ನೀರು ಅಂಗಳದ ಕಲ್ಲಿಗೆ ಬೀಳುವ ಸದ್ದು. ನಾನು ಒಳಗೆ ಕರೆಸಿಕೊಳ್ಳೋಕೆ ಅಂತ ದೊಡ್ಡ ಕಥೆ ಕಟ್ಟಿ ಇಟ್ಟುಕೊಂಡಿದ್ದೆ. ದಾರಿ ತಪ್ಪಿದ ಬಳೆಗಾರ, ದರೋಡೆ ಆಗಿದೆ, ತಾಯಿಗೆ ಹುಷಾರಿಲ್ಲ, ಇನ್ನೂ ಏನೇನೋ. ಡೈಸ್ ಕೈಯಲ್ಲಿ ಹಿಡಿದು ಶುರು ಮಾಡಬೇಕು, ಅಷ್ಟರಲ್ಲಿ ಡಿಎಂ ಮುದುಕಿಯ ದನಿ ತೆಗೆದಳು.

"ಯಾರಪಾ ಅಲ್ಲಿ? ಮಳ್ಯಾಗ ಯಾಕ ನಿಂತಿ? ಬಾರೋ ಯಪ್ಪಾ ಒಳಗ."

ಡೈಸ್ ಹಾಕೋದೇ ಬೇಡವಾಯಿತು. ಎಲ್ಲರೂ ಹೋ ಅಂತ ನಕ್ಕರು. ಎಷ್ಟು ಕಷ್ಟಪಟ್ಟು ಕೇಳಿ ಹಚ್ಚಿಸಿಕೊಂಡಿದ್ದ ದೌರ್ಬಲ್ಯ ಅದು!

ಒಳಗೆ ಹೋದೆ. ಆಯಿ ಒರೆಸಿಕೊಳ್ಳೋಕೆ ಬಟ್ಟೆ ಕೊಟ್ಟಳು. ಆಮೇಲೆ ತಟ್ಟೆ ಇಟ್ಟಳು.

"ಊಟ ಆಗೇತಿ ಆಯಿ" ಅಂದೆ.

"ಆದ್ರ ಏನಾತು? ಅರ್ಧ ರೊಟ್ಟಿ ತಿನ್ನು."

"ಹೊಟ್ಟಿ ಸರಿ ಇಲ್ಲ."

"ಹಂಗಾರ ಮಜ್ಜಿಗಿ ಕುಡಿ. ಇಂಗು ಹಾಕೇನಿ."

ಮಂತ್ರವಾದಿ ಪಕ್ಕದಿಂದ ಸುಳ್ಳು ನಂಬಿಸೋಕೆ ಡೈಸ್ ಹಾಕು ಅಂದ. ಹಾಕಿದೆ, 18 ಬಂತು, ಬೋನಸ್ ಸೇರಿ 20 ದಾಟಿತು. ಡಿಎಂ ತಲೆಯಾಡಿಸಿ, "ಹೊಟ್ಟೆ ಸರಿ ಇಲ್ಲ ಅನ್ನೋದನ್ನ ಆಯಿ ಪೂರ್ತಿ ನಂಬಿದಳು. ಅದಕ್ಕೇ ಈಗ ಮೊಸರನ್ನ ಕಲಸುತ್ತಾ ಇದಾಳೆ" ಅಂದಳು. ಈ ಭಾಗದಲ್ಲಿ ಬೆಳೆದವರಿಗೆ ಇದರಲ್ಲಿ ತಕರಾರು ಮಾಡೋಕೆ ಏನೂ ಸಿಗಲ್ಲ. ಆಗ ಸಾಬುದಾಣಿಯ ತಟ್ಟೆ ಕಣ್ಣಿಗೆ ಬಿತ್ತು.

"ಆಯಿ, ಇವತ್ತ ಏಕಾದಶಿ. ನಾ ಏನೂ ತಗೊಳ್ಳಂಗಿಲ್ಲ."

ಡಿಎಂ ಒಂದು ಕ್ಷಣ ಸುಮ್ಮನಾದಳು. ಆ ಲೋಕದಲ್ಲಿ ಡ್ರ್ಯಾಗನ್ ಇದೆ, ಎರಡು ಚಂದ್ರ ಇವೆ, ಏಕಾದಶಿ ಇದೆಯೋ ಇಲ್ಲವೋ ಯಾರೂ ಯೋಚಿಸಿರಲಿಲ್ಲ. ಆಮೇಲೆ, "ಪಂಚಾಂಗ ನನ್ನ ಕೈಯಾಗ ಅದ. ಆತು, ಇವತ್ತ ಏಕಾದಶಿ" ಅಂತ ತೀರ್ಪು ಕೊಟ್ಟು, ಆಯಿಯ ದನಿಯಲ್ಲಿ, "ಮದ್ಲ ಹೇಳಬಾರದೇನೋ! ಉಪಾಸದಾವಂಗ ರೊಟ್ಟಿ ಹಾಕಾಕ ಹೋಗಿದ್ನಲ್ಲೋ!" ಅಂತ ಗಲ್ಲ ಬಡಿದುಕೊಂಡಳು. ತಟ್ಟೆ ಹೋಯಿತು. ಚಾಪೆ ಬಂತು.

ಆಮೇಲಿನದ್ದು ಕಷ್ಟದ ಭಾಗ. ಮುದುಕಿ ಮಲಗಿದ್ದಾಳೆ. ಮನೆಯಲ್ಲಿ ಬೇರೆ ಯಾರೂ ಇಲ್ಲ. ರಗತಪ್ಪನಿಗೆ 5 ಪಾಯಿಂಟ್ ಇದೆ, ಬೆಳಗಾದರೆ ಸಿಪಾಯಿಗಳು ಬರುತ್ತಾರೆ. "ಏನ ಮಾಡ್ತಿ?" ಅಂತ ಕೇಳಿ ಡಿಎಂ ಕೈಕಟ್ಟಿ ಕೂತಳು. ಕಳ್ಳನ ಪಾತ್ರದ ಗದಗಿನವನು ಒಂದು ಗುಟುಕು ಕುಡಿದರೆ ಸಾಯೋದಿಲ್ಲ, ಕುಡಿ ಅಂದ. ಲೆಕ್ಕದಲ್ಲಿ ಅವನದ್ದು ಪೂರ್ತಿ ಸರಿಯಲ್ಲ. ಕಚ್ಚಿದರೆ ನಾಲ್ಕು ಮುಖದ ಡೈಸ್, ಮೇಲೆ ನನ್ನ ಬೋನಸ್ 3. ಪುಸ್ತಕದ ಸಾಮಾನ್ಯ ಹಳ್ಳಿಗರಿಗೆ ಇರೋದೇ 4 ಹಿಟ್ ಪಾಯಿಂಟ್. ಕಮ್ಮಿ ಅಂದರೂ ಆಯಿ ಹೋದಳು ಅಂತಲೇ. ಹೋಗಲಿ, ಲೆಕ್ಕ ಬೇರೆ ಇದ್ದಿದ್ದರೂ ನನ್ನಿಂದ ಆಗುತ್ತಿರಲಿಲ್ಲ. ಸಿನಿಮಾ ಪಿಶಾಚಿಗಳು ಕರೆಸಿಕೊಂಡ ಮನೆಯಲ್ಲೇ ಹೇಗೆ ಕಚ್ಚುತ್ತಾರೋ, ಅವರಿಗೆ ಯಾರೂ ಒರೆಸಿಕೊಳ್ಳೋಕೆ ಬಟ್ಟೆ ಕೊಟ್ಟಿರಲ್ಲ ಅನ್ನಿಸುತ್ತೆ. ಅಡುಗೆಮನೆಯಲ್ಲಿ ನಿಜವಾದ ಅಜ್ಜಿ ಮೆಲ್ಲಗೆ ವಿಷ್ಣು ಸಹಸ್ರನಾಮ ಹೇಳಿಕೊಳ್ಳುತ್ತಿದ್ದದ್ದು ಬೇರೆ ಕೇಳಿಸುತ್ತಿತ್ತು.

"ಮನೆಯಲ್ಲಿ ದನ ಇದಾವೇನು?" ಅಂತ ಕೇಳಿದೆ.

ಒಂದು ಎಮ್ಮೆ ಇತ್ತು. ಹಳೇ ಮನೆಗಳ ಹಾಗೆ ಬಾಗಿಲ ಒಳಗೇ ಕಟ್ಟಿತ್ತು. ಮೆಲ್ಲಗೆ ಎದ್ದೆ. ಅರ್ಧಕ್ಕಿಂತ ಜಾಸ್ತಿ ಗಾಯ ಆಗಿದ್ದರೆ ಡಾಂಪೀರ್ ಕಚ್ಚುವಾಗ ಎರಡು ಡೈಸ್ ಹಾಕಿ ದೊಡ್ಡದನ್ನು ತೆಗೆದುಕೊಳ್ಳಬಹುದು, ಹಸಿವಿನ ಆವೇಶ ಅಂತ. ಹಾಕಿದೆ. ಒಂದರಲ್ಲಿ 2, ಇನ್ನೊಂದರಲ್ಲಿ 3. ಗುರಿ ತಪ್ಪಿತು. ಎಮ್ಮೆ ಒದೆಯಿತು. ಐದರಲ್ಲಿ ಮೂರು ಹೋಗಿ ಎರಡು ಉಳಿಯಿತು. ಅದು ಅರಚಿದ್ದಕ್ಕೆ ಆಯಿ ಎದ್ದು ಬುಡ್ಡಿ ಹಿಡಿದು ಬಂದಳು.

"ಏಕಾದಶಿ ಅಂದಿ, ಎಮ್ಮಿಗೆ ಬಾಯಿ ಹಾಕಾಕತ್ತಿಯಲ್ಲೋ! ಹೊಂಡ ಹೊರಗ!"

ಇಲ್ಲಿ ಆಟ ನಿಂತಿತು. ಕರೆದವರೇ ಹೋಗು ಅಂದರೆ ಆಹ್ವಾನ ರದ್ದಾಗುತ್ತಾ? ಮನೆಯವರ ಆಹ್ವಾನ ಇಲ್ಲದೆ ಒಳಗೆ ಬರುವಂತಿಲ್ಲ ಅಂತಷ್ಟೇ ಪುಸ್ತಕ ಹೇಳುತ್ತೆ. ಕೊಟ್ಟದ್ದನ್ನು ವಾಪಸ್ ತೆಗೆದುಕೊಂಡರೆ ಏನು ಅಂತ ಒಂದು ಸಾಲೂ ಇಲ್ಲ. ಮಂತ್ರವಾದಿ ರದ್ದು ಅಂದ, ಪೂಜಾರಿ ಇಲ್ಲ ಅಂದಳು, ಕಳ್ಳ ಕೋರ್ಟಿಗೆ ಹೋಗೋಣ ಅಂದ. ಖಿಚಡಿ ತಣ್ಣಗಾಯಿತು. ವಾದ ಮುಗಿಯೋ ಲಕ್ಷಣ ಕಾಣದೆ ಡಿಎಂ ಅಡುಗೆಮನೆಯ ಕಡೆ ತಿರುಗಿ ಕೂಗಿದಳು.

"ಅಜ್ಜೀ, ಮಳ್ಯಾಗ ಬಂದವ್ರನ್ನ ಒಳಗ ಕರದು, ಆಮ್ಯಾಲೆ ಸಿಟ್ಟಿಗೆದ್ದು ಹೋಗು ಅಂದ್ರ, ಅಂವ ಹೋಗಬೇಕೇನು?"

"ಇನ್ನೂ ಮಳಿ ಬರ್ಲಿಕ್ಕತ್ತದೇನು?"

"ಹೂಂ."

"ಹಂಗಾರ ನಿಲ್ಲೂತನಕ ಇರಲಿ. ಬೈಯೂದು ಬ್ಯಾರೆ, ಕರಿಯೂದು ಬ್ಯಾರೆ."

ಮಂತ್ರವಾದಿ ಕೂಡ ಬಾಯಿ ಮುಚ್ಚಿದ. ನಮ್ಮ ನೋಟ್‌ಬುಕ್ಕಿನಲ್ಲಿ ಅದು ಈಗ ರೂಲ್. ಮಳೆ ನಿಲ್ಲುವವರೆಗೆ ಆಹ್ವಾನ ಜಾರಿಯಲ್ಲಿರುತ್ತೆ. ಪ್ರತಿ ತಾಸಿಗೆ ಆರು ಮುಖದ ಡೈಸ್, 6 ಬಿದ್ದರೆ ಮಳೆ ನಿಂತಿತು.

ಬೀಳಲಿಲ್ಲ. ಬೀಳಲಿಲ್ಲ. ನಾನು ಗೆದ್ದೆ ಅಂದುಕೊಂಡೆ. ಆದರೆ ಡಿಎಂ ಚಿಕ್ಕಂದಿನಿಂದ ಈ ಮನೆಯಲ್ಲಿ ಬೆಳೆದವಳು. ಏಕಾದಶಿಯ ಮರುದಿನ ದ್ವಾದಶಿ, ಇನ್ನೂ ಕತ್ತಲಿರುವಾಗ ಅಜ್ಜಿ ಎದ್ದು ಸ್ನಾನ ಮಾಡಿ ಒಲೆ ಹಚ್ಚುವುದು, ಪಾತ್ರೆ ಸದ್ದಿಗೆ ಮನೆಯೆಲ್ಲ ಎಚ್ಚರಾಗುವುದು, ಮಕ್ಕಳನ್ನೂ ಎಬ್ಬಿಸಿ ನಿದ್ದೆಗಣ್ಣಲ್ಲೇ ಎಲೆ ಮುಂದೆ ಕೂರಿಸುವುದು, ಇದೆಲ್ಲ ನೋಡಿದವಳು. ಅವಳು ನನ್ನ ಕಡೆ ನೋಡಿದ ರೀತಿಯಲ್ಲೇ ಏನೋ ಕಾದಿದೆ ಅನ್ನಿಸಿತು.

"ಏಳಪಾ" ಅಂದಳು ಆಯಿಯಾಗಿ. "ದ್ವಾದಶಿ ಬಂತು. ಹೊತ್ತು ಹುಟ್ಟಿದ ಕೂಡ್ಲೆ ಪಾರಣಿ ಆಗಬೇಕು. ಉಪಾಸ ತಡೀಲಾರದ ಎಮ್ಮಿಗೆ ಬಾಯಿ ಹಾಕಿದ್ಯಲ್ಲೋ, ಪಾಪ. ನಾ ಸುಮ್ನ ಬೈದೆ."

ಪೂಜಾರಿ ಪಾತ್ರದವಳು ನಗು ತಡೆಯಲಾರದೆ ಗೋಡೆಗೆ ಒರಗಿದಳು. ಏಕಾದಶಿ ಅಂತ ಹೇಳಿದವನು ಪಾರಣೆ ಬೇಡ ಅನ್ನೋ ಹಾಗಿಲ್ಲವಲ್ಲ. ಬಿಸಿ ರೊಟ್ಟಿ, ಬೆಣ್ಣೆ, ಮಗ್ಗುಲಲ್ಲಿ ಬೆಳ್ಳುಳ್ಳಿ ಹಾಕಿ ಕುಟ್ಟಿದ ಕೆಂಪು ಖಾರ. ಬೆಳ್ಳುಳ್ಳಿ! ನಾನು ಹೌಹಾರಿದೆ. ಡಿಎಂ ಪುಸ್ತಕ ತೆಗೆದು ತೋರಿಸಿದಳು. ವ್ಯಾಂಪೈರಿನ ದೌರ್ಬಲ್ಯಗಳಲ್ಲಿ ಹೊಸ್ತಿಲು, ಹರಿಯುವ ನೀರು, ಎದೆಗೆ ಗೂಟ, ಬಿಸಿಲು ಇವೆ. ಬೆಳ್ಳುಳ್ಳಿ ಎಲ್ಲೂ ಇಲ್ಲ. ನಿಜ. ನನಗೆ ವಾದ ಮಾಡೋಕೂ ದಾರಿ ಇರಲಿಲ್ಲ.

"ಆದರೆ ಊಟ ಒಗ್ಗಲ್ಲ ಅಂತ ನೀನೇ ಸೇರಿಸಿಕೊಂಡೀಯಲ್ಲ. ಕಾನ್‌ಸ್ಟಿಟ್ಯೂಷನ್ ಸೇವ್ ಮಾಡು. 15 ಆದರೂ ಬರಬೇಕು" ಅಂದಳು. ಅಂದರೆ ದೇಹ ತಡೆಯುತ್ತೋ ಇಲ್ಲವೋ ಅಂತ ಡೈಸ್ ಹಾಕಿ ನೋಡೋದು.

ಎಲ್ಲರೂ ಮುಂದಕ್ಕೆ ಬಾಗಿದರು. ಡೈಸ್ ಉರುಳಿ ಖಿಚಡಿ ತಟ್ಟೆಗೆ ಬಡಿದು ನಿಂತಿತು. 14, ಮೇಲೆ 3. ಹದಿನೇಳು! ಗದಗಿನವನು ಎದ್ದು ನಿಂತು ಚಪ್ಪಾಳೆ ಹೊಡೆದ. ರಗತಪ್ಪ ಪೂರ್ತಿ ರೊಟ್ಟಿ, ಖಾರ ಸಮೇತ, ಮುಖ ಗಂಟಿಕ್ಕದೆ ನುಂಗಿದ.

ಡಿಎಂ ಆಯಿಯ ಹಾಗೆ ಸೆರಗಿನಿಂದ ಕೈ ಒರೆಸಿಕೊಂಡಳು.

"ಇಷ್ಟ ಬೇಗ ಆತೇನು? ತಡಿ, ಇನ್ನೊಂದ ಹಾಕ್ತೀನಿ" ಅಂದಳು. ಆಮೇಲೆ ತನ್ನ ದನಿಯಲ್ಲಿ, "ಮತ್ತ ಸೇವ್ ಮಾಡು. ಈ ಸಲ 18."