‘ಹುಲಿಗೆಮ್ಮ ಅಲ್ವಾ?’ ಅಂತ ಕೇಳಬೇಡಿ

ಕೊಪ್ಪಳ ಜಿಲ್ಲೆಯ ಯಾವ ಹೆರಿಗೆ ವಾರ್ಡಿಗೆ ಹೋದರೂ ಒಬ್ಬ ಹುಲಿಗೆಮ್ಮನಾದರೂ ಸಿಗುತ್ತಾಳೆ. ಹುಲಿಗಿಯ ಅಮ್ಮನಿಗೆ ಹರಕೆ ಹೊತ್ತು ಹುಟ್ಟಿದ ಮಗಳಿಗೆ ಬೇರೆ ಹೆಸರು ಇಡುವವರು ಕಡಿಮೆ. ಗಂಡಸರ ವಾರ್ಡಿನಲ್ಲಿ ಗವಿಸಿದ್ದಪ್ಪ, ಹನುಮಂತಪ್ಪ, ಯಮನೂರಪ್ಪ. ಒಂದೇ ಹೆಸರಿನ ಇಬ್ಬರು ಒಂದೇ ದಿನ ಅಡ್ಮಿಟ್ ಆಗೋದು ನಮಗೆ ಹೊಸದಲ್ಲ. ಔಷಧಿ ಕೊಡುವ ಮುಂಚೆ ರೋಗಿಯ ಗುರುತು ಖಚಿತ ಮಾಡಿಕೊಳ್ಳಿ ಅಂತ ನರ್ಸಿಂಗ್ ಪುಸ್ತಕದಲ್ಲಿ ಒಂದು ಸಾಲು ಇರುತ್ತದೆ. ಪರೀಕ್ಷೆಗೆ ಅಂತ ಬಾಯಿಪಾಠ ಮಾಡಿ ಮುಂದೆ ಹೋಗುವ ಸಾಲು ಅದು. ನಮ್ಮ ಕಡೆ ಕೆಲಸ ಮಾಡುವವರು ಅಲ್ಲೇ ನಿಲ್ಲಬೇಕು.

ನಾನು ಇಲ್ಲಿ ನರ್ಸಿಂಗ್ ಆಫೀಸರ್. ಬಾಣಂತಿಯರ ವಾರ್ಡಿನ ಇನ್‌ಚಾರ್ಜ್. ಹೊಸದಾಗಿ ಡ್ಯೂಟಿಗೆ ಬರುವ ಹುಡುಗಿಯರಿಗೆ ದಿನಾ ಬಾಯಲ್ಲಿ ಹೇಳುವುದನ್ನೇ ಈ ಸಲ ಬರೆದು ಇಡುತ್ತಿದ್ದೇನೆ.

ಒಂದು ಬೇಸಿಗೆ ರಾತ್ರಿ ವಾರ್ಡಿನಲ್ಲಿ ಇಬ್ಬರು ಹುಲಿಗೆಮ್ಮ ಇದ್ದರು. ಯಲಬುರ್ಗಾ ಕಡೆಯವಳಿಗೆ ಹೆರಿಗೆ ಆದ ಮೇಲೆ ರಕ್ತ ಜಾಸ್ತಿ ಹೋಗುತ್ತಿತ್ತು. ಡಾಕ್ಟರು ಮೆಥರ್ಜಿನ್ ಇಂಜೆಕ್ಷನ್ ಬರೆದರು. ಕುಷ್ಟಗಿ ಕಡೆಯವಳಿಗೆ ಬಿಪಿ ಏರಿತ್ತು, ಮಾತ್ರೆ ನಡೆದಿತ್ತು. ಮೆಥರ್ಜಿನ್ ಗರ್ಭಕೋಶವನ್ನು ಬಿಗಿ ಮಾಡಿ ರಕ್ತ ನಿಲ್ಲಿಸುತ್ತದೆ. ಜೊತೆಗೆ ರಕ್ತನಾಳಗಳನ್ನೂ ಬಿಗಿ ಮಾಡುತ್ತದೆ. ಹಾಗಾಗಿ ಬಿಪಿ ಏರಿದವರಿಗೆ ಅದನ್ನು ಕೊಡುವ ಹಾಗಿಲ್ಲ. ಕೊಟ್ಟರೆ ಬಿಪಿ ಒಮ್ಮೆಲೇ ಮೇಲೆ ಹೋಗಿ ಫಿಟ್ಸ್ ಬರಬಹುದು, ಮೆದುಳಿನಲ್ಲಿ ರಕ್ತಸ್ರಾವ ಆಗಬಹುದು. ಒಬ್ಬಳ ಜೀವ ಉಳಿಸುವ ಇಂಜೆಕ್ಷನ್ ಪಕ್ಕದ ಮಂಚದವಳ ಜೀವಕ್ಕೆ ಕುತ್ತು.

ರಕ್ತ ಹೋಗುತ್ತಿದ್ದವಳನ್ನು ಕಣ್ಣ ಮುಂದೆ ಇರಲಿ ಅಂತ ಲೇಬರ್ ರೂಮಿನ ಹತ್ತಿರದ ಮಂಚಕ್ಕೆ ತಂದಿದ್ದರು. ಅವಳ ಹಳೇ ಮಂಚ ಸರಿಯಾಗಿ ಫ್ಯಾನಿನ ಕೆಳಗೆ. ನಮ್ಮ ಕಡೆ ಬೇಸಿಗೆಯಲ್ಲಿ ಫ್ಯಾನಿನ ಕೆಳಗಿನ ಮಂಚ ಖಾಲಿ ಉಳಿಯುವುದುಂಟೆ? ಕುಷ್ಟಗಿಯವಳ ತಾಯಿ ಮಗಳನ್ನೂ ಕೂಸನ್ನೂ ಅಲ್ಲಿಗೆ ಸಾಗಿಸಿದರು. ಯಾರಿಗೂ ಹೇಳಲಿಲ್ಲ. ಹೇಳಬೇಕು ಅಂತ ಅವರಿಗೆ ಗೊತ್ತಿರಬೇಕು ಅನ್ನೋದೂ ತಪ್ಪು.

ಡ್ಯೂಟಿ ಬದಲಾದ ಹೊತ್ತು. ನಮ್ಮ ಹೊಸ ಸಿಸ್ಟರ್ ಇಂಜೆಕ್ಷನ್ ಎಳೆದುಕೊಂಡು, ಹಿಂದಿನ ಡ್ಯೂಟಿಯವರು ರೋಗಿಗಳನ್ನು ಒಪ್ಪಿಸುವ ಹ್ಯಾಂಡೋವರಿನಲ್ಲಿ ಕೇಳಿದ ಬೆಡ್ ನಂಬರಿಗೆ ಹೋದಳು.

“ಹುಲಿಗೆಮ್ಮ ಅಲ್ವಾ?”

“ಹೂಂ ರೀ.”

ಸ್ಪಿರಿಟ್ ಹತ್ತಿಯಿಂದ ಒರೆಸಿಯೂ ಆಗಿತ್ತು. ಆಗ ಆ ತಾಯಿ ಕೇಳಿದರು, “ಬಿಪಿ ಗುಳಿಗಿ ಈಗ ಕೊಟ್ಟು ಹೋದ್ರಲ್ರೀ ಸಿಸ್ಟರ್, ಮತ್ತ ಸೂಜಿ ಯಾಕ?”

ರಕ್ತ ಹೋಗುತ್ತಿರುವವಳಿಗೆ ಬಿಪಿ ಗುಳಿಗೆ ಯಾಕೆ ಕೊಡುತ್ತಾರೆ? ಹುಡುಗಿ ಅಲ್ಲೇ ನಿಂತಳು. ಸಿರಿಂಜ್ ಟ್ರೇಯಲ್ಲಿಟ್ಟು ಕೇಸ್ ಶೀಟ್ ತಂದು ಐಪಿ ನಂಬರ್, ಅಂದರೆ ಅಡ್ಮಿಟ್ ಆದ ಪ್ರತಿ ರೋಗಿಗೂ ಕೊಡುವ ನಂಬರ್, ನೋಡಿದಳು. ಆಮೇಲೆ ಓಡಿ ಹೋಗಿ ಕೊಡಬೇಕಾದವಳಿಗೆ ಕೊಟ್ಟಳು. ಇಬ್ಬರೂ ಹುಲಿಗೆಮ್ಮರು ಆರಾಮಾಗಿ ಕೂಸಿನ ಜೊತೆ ಮನೆಗೆ ಹೋದರು.

ಇದರಲ್ಲಿ ನಾನು ಎಲ್ಲರಿಗೂ ತೋರಿಸುವುದು ಆ ‘ಹೂಂ ರೀ’ಯನ್ನು. ಹಳ್ಳಿಯಿಂದ ಬಂದವರು ಆಸ್ಪತ್ರೆಯಲ್ಲಿ ಎಲ್ಲದಕ್ಕೂ ಹೂಂ ಅನ್ನುತ್ತಾರೆ. ಬಿಳಿ ಕೋಟು ಹಾಕಿದವರು ಕೇಳಿದರೆ ಇಲ್ಲ ಅನ್ನಬಾರದು ಅನ್ನುವ ಅಂಜಿಕೆ. ನೋವಿನಲ್ಲಿ ಇದ್ದಾಗಂತೂ ಪ್ರಶ್ನೆ ಕಿವಿಗೆ ಬೀಳುವುದೇ ಇಲ್ಲ. ಕಿವಿ ಮಂದ ಇರುವ ಅಜ್ಜಿಯರ ಹತ್ತಿರ ‘ಶಾಂತಮ್ಮ ಅಲ್ವಾ?’ ಅಂತ ಕೇಳಿ ನೋಡಿ, ಗಂಗಮ್ಮನೂ ತಲೆ ಆಡಿಸುತ್ತಾಳೆ. ಆದ್ದರಿಂದ ಹೆಸರನ್ನು ನಾವು ಹೇಳಬಾರದು. ‘ನಿನ್ನ ಹೆಸರು ಹೇಳವ್ವಾ, ಯಾವೂರು?’ ಅಂತ ಕೇಳಬೇಕು. ಅವರ ಬಾಯಿಂದ ಬಂದ ಹೆಸರನ್ನು ಕೇಸ್ ಶೀಟಿನ ಹೆಸರಿಗೂ, ಕೈಯಲ್ಲಿನ ಪಟ್ಟಿಯ ಐಪಿ ನಂಬರಿಗೂ ಹೋಲಿಸಬೇಕು. ಬೆಡ್ ನಂಬರ್ ಮಂಚದ ಗುರುತು. ಮಂಚದ ಮೇಲೆ ಮಲಗಿದವರು ಯಾರು ಅನ್ನುವುದು ಅದಕ್ಕೆ ಗೊತ್ತಿಲ್ಲ.

ಇನ್ನೊಂದು ತೊಡಕಿದೆ, ಪಟ್ಟಣದಲ್ಲಿ ಬೆಳೆದ ಸಿಸ್ಟರ್‌ಗಳಿಗೆ ಮೊದಲು ತಿಳಿಯುವುದಿಲ್ಲ. ನಮ್ಮ ಫಾರಂಗಳಲ್ಲಿ ಹೆಂಗಸರ ಗುರುತಿಗೆ ಗಂಡನ ಹೆಸರು ಇರುತ್ತದೆ. ಗಂಡನ ಹೆಸರು ಬಾಯಿಬಿಟ್ಟು ಹೇಳದ ಹೆಂಗಸರು ಈಗಲೂ ಇದ್ದಾರೆ. ಸೆರಗು ಬಾಯಿಗೆ ಹಿಡಿದು ನಗುತ್ತಾರೆ, ಇಲ್ಲ ಪಕ್ಕದಲ್ಲಿ ಇದ್ದವರ ಕಡೆ ನೋಡುತ್ತಾರೆ. ಆತುರದಲ್ಲಿ ಇರುವ ನರ್ಸ್ ತಾನೇ ‘ಬಸಪ್ಪ ಅಲ್ವಾ?’ ಅನ್ನುತ್ತಾಳೆ. ಮತ್ತೆ ಅದೇ ಹೂಂ. ಅಂಥವರ ಹತ್ತಿರ ಊರು ಕೇಳಿ, ತಂದೆಯ ಹೆಸರು ಕೇಳಿ. ತವರಿನ ಹೆಸರು ಖುಷಿಯಿಂದ ಹೇಳುತ್ತಾರೆ.

ಆ ತಾಯಿಯ ಪ್ರಶ್ನೆಯ ಬಗ್ಗೆಯೂ ಹೇಳಬೇಕು. ನಮ್ಮಲ್ಲಿ ರೋಗಿಯ ಕಡೆಯವರು ಏನಾದರೂ ಕೇಳಿದರೆ ‘ನಿಮಗೇನು ಗೊತ್ತಾಗುತ್ತೆ, ಸುಮ್ನೆ ಇರಿ’ ಅಂತ ಗದರುವ ರೂಢಿ ಬೇರು ಬಿಟ್ಟಿದೆ. ಕೆಲಸದ ಒತ್ತಡ ನನಗೂ ಗೊತ್ತು. ರಾತ್ರಿ ಇಡೀ ವಾರ್ಡಿಗೆ ಒಬ್ಬಳೇ ಸಿಸ್ಟರ್ ಇರುವಾಗ ಹತ್ತು ಜನ ಹತ್ತು ಪ್ರಶ್ನೆ ಕೇಳಿದರೆ ತಾಳ್ಮೆ ಹೋಗುತ್ತದೆ. ಆದರೂ ಆ ಮಂಚದ ಪಕ್ಕ ಇಪ್ಪತ್ನಾಲ್ಕು ತಾಸು ಕೂತವರು ಅವರು. ಯಾವ ಗುಳಿಗೆ ಯಾವಾಗ ಬಂತು, ಬಾಟ್ಲಿ ಯಾವಾಗ ಮುಗಿಯಿತು ಅಂತ ಅವರಿಗೆ ನಮಗಿಂತ ಚೆನ್ನಾಗಿ ನೆನಪಿರುತ್ತದೆ. ಅವರು ಯಾಕೆ ಅಂದ ಕೂಡಲೇ ಕೈ ನಿಲ್ಲಬೇಕು. ಒಂದು ನಿಮಿಷ ತಡ ಆದರೆ ಆಗಲಿ.

ಸಿರಿಂಜ್ ಟ್ರೇಯಲ್ಲಿಟ್ಟಾಗ ಆ ಹುಡುಗಿ ಅರ್ಧ ಕೆಲಸ ಮಾಡಿದ್ದಳು. ಉಳಿದ ಅರ್ಧ ಬೆಳಿಗ್ಗೆ ಮಾಡಿದಳು. ನನ್ನ ಹತ್ತಿರ ಬಂದು ನಡೆದದ್ದೆಲ್ಲ ಹೇಳಿದಳು. ಯಾರೂ ನೋಡಿರಲಿಲ್ಲ, ಯಾರಿಗೂ ಏನೂ ಆಗಿರಲಿಲ್ಲ. ಬಾಯಿ ಮುಚ್ಚಿಕೊಂಡು ಮನೆಗೆ ಹೋಗಬಹುದಿತ್ತು. ತುಂಬಾ ಜನ ಹಾಗೇ ಹೋಗುತ್ತಾರೆ, ಯಾಕೆಂದರೆ ಹೇಳಿದವರಿಗೆ ಸಿಗುವುದು ಮೆಮೊ. ‘ಯಾರು ಮಾಡಿದ್ದು?’ ಅಂತ ಕೇಳಿ, ಹೆಸರು ಸಿಕ್ಕ ಕೂಡಲೇ ಫೈಲು ಮುಚ್ಚುವ ಆಡಳಿತವೇ ಜಾಸ್ತಿ. ಮಂಚ ಬದಲಾದದ್ದು, ಒಂದೇ ಹೆಸರಿನ ಎರಡು ಕೇಸ್ ಶೀಟ್ ಒತ್ತಿಗೊತ್ತಿ ಇಟ್ಟದ್ದು, ಹ್ಯಾಂಡೋವರಿನಲ್ಲಿ ಬರೀ ಬೆಡ್ ನಂಬರ್ ಹೇಳಿದ್ದು ಯಾವುದೂ ಆ ಫೈಲಿಗೆ ಬರುವುದಿಲ್ಲ. ಮುಂದಿನ ವಾರ ಮತ್ತೊಬ್ಬಳ ಕೈಯಲ್ಲಿ ಅದೇ ಆಗುತ್ತದೆ.

ನಾವು ವಾರ್ಡಿನಲ್ಲಿ ಒಂದು ನೋಟ್‌ಬುಕ್ ಇಟ್ಟೆವು. ಸ್ವಲ್ಪದರಲ್ಲಿ ತಪ್ಪಿದ್ದನ್ನು ಅದರಲ್ಲಿ ಬರೆಯಬೇಕು, ಬರೆದವರ ಹೆಸರು ಬೇಡ. ಮೊದಲು ಯಾರೂ ಮುಟ್ಟಲಿಲ್ಲ. ಒಬ್ಬ ಹಿರಿಯ ಸಿಸ್ಟರ್ ಬರೆದ ಮೇಲೆ ಉಳಿದವರಿಗೂ ಧೈರ್ಯ ಬಂತು. ಓದುತ್ತಾ ಹೋದರೆ ಜಾಗಗಳು ತಾವಾಗಿ ಕಾಣುತ್ತವೆ. ಡ್ಯೂಟಿ ಬದಲಾಗುವ ಹೊತ್ತು ಪದೇ ಪದೇ ಬರುತ್ತದೆ. ಪೊಟ್ಯಾಶಿಯಂ ಕ್ಲೋರೈಡ್ ಆಂಪೂಲ್ ಬರುತ್ತದೆ. ನೋಡಲು ಡಿಸ್ಟಿಲ್ಡ್ ವಾಟರ್ ಹಾಗೇ ಇರುತ್ತದೆ, ನೇರವಾಗಿ ರಕ್ತನಾಳಕ್ಕೆ ತಳ್ಳಿದರೆ ಹೃದಯ ನಿಲ್ಲುತ್ತದೆ. ಅದನ್ನು ಟ್ರೇಯಿಂದ ತೆಗೆದು ಬೀಗದ ಕಪಾಟಿಗೆ ಹಾಕಿದೆವು. ಇನ್ಸುಲಿನ್ ಅಂತೂ ಬಂದೇ ಬರುತ್ತದೆ. ನಮ್ಮಲ್ಲಿ ಒಂದು ಎಂಎಲ್‌ಗೆ 40 ಯೂನಿಟ್ಟಿನ ವಯಲ್, ಅಂದರೆ ಔಷಧಿಯ ಪುಟ್ಟ ಸೀಸೆ, ಇದೆ, 100 ಯೂನಿಟ್ಟಿನದೂ ಇದೆ. 40ರ ಸಿರಿಂಜಿಗೆ ಕೆಂಪು ಮುಚ್ಚಳ, 100ರದಕ್ಕೆ ಕಿತ್ತಳೆ. 100ರ ವಯಲಿನಿಂದ 40ರ ಸಿರಿಂಜಿನಲ್ಲಿ 10ರ ಗೆರೆವರೆಗೆ ಎಳೆದರೆ ಒಳಗೆ ಬರುವುದು 25 ಯೂನಿಟ್. ಸಕ್ಕರೆ ಕುಸಿದು ರೋಗಿ ಎಚ್ಚರ ತಪ್ಪಲು ಅಷ್ಟು ಸಾಕು.

ಹೇಳಿದವರನ್ನು ಶಿಕ್ಷಿಸಿದರೆ ಏನಾಗುತ್ತದೆ ಅನ್ನುವ ಚರ್ಚೆ ಜಗತ್ತಿನ ನರ್ಸ್‌ಗಳಲ್ಲೆಲ್ಲ ಎದ್ದದ್ದು ಅಮೆರಿಕದ ನರ್ಸ್ ರಡೋಂಡಾ ವಾಟ್ ಅವರ ಕೇಸಿನಿಂದ. 2017ರ ಡಿಸೆಂಬರಿನಲ್ಲಿ ಟೆನೆಸ್ಸಿ ರಾಜ್ಯದ ನ್ಯಾಶ್‌ವಿಲ್‌ನಲ್ಲಿ 75 ವರ್ಷದ ರೋಗಿಗೆ ಸ್ಕ್ಯಾನಿಂಗ್ ಮುಂಚೆ ಗಾಬರಿ ಕಡಿಮೆ ಮಾಡಲು ವರ್ಸೆಡ್ ಕೊಡಬೇಕಿತ್ತು. ಅದು ನಮ್ಮ ಮಿಡಜೋಲಾಮ್. ಔಷಧಿ ಕೊಡುವ ಯಂತ್ರದಲ್ಲಿ ಹೆಸರಿನ ಮೊದಲೆರಡು ಇಂಗ್ಲಿಷ್ ಅಕ್ಷರ ‘ವಿ’, ‘ಇ’ ಒತ್ತಿ, ಯಂತ್ರದ ತಡೆ ದಾಟಿ ವಾಟ್ ತೆಗೆದದ್ದು ಅದೇ ಅಕ್ಷರಗಳಿಂದ ಶುರುವಾಗುವ ವೆಕ್ಯುರೋನಿಯಂ. ಉಸಿರಾಟದ ಸ್ನಾಯುಗಳನ್ನೇ ನಿಲ್ಲಿಸುವ ಔಷಧಿ. ರೋಗಿ ತೀರಿಕೊಂಡರು. ವಾಟ್ ತಪ್ಪನ್ನು ಒಪ್ಪಿಕೊಂಡರು. 2022ರ ಮಾರ್ಚಿನಲ್ಲಿ ಕೋರ್ಟು ಅವರನ್ನು ಕ್ರಿಮಿನಲ್ ನಿರ್ಲಕ್ಷ್ಯದ ಅಪರಾಧಿ ಅಂದಿತು, ಮೇ ತಿಂಗಳಲ್ಲಿ ಮೂರು ವರ್ಷ ಪ್ರೊಬೇಷನ್, ಅಂದರೆ ಜೈಲಿಗೆ ಹೋಗದೆ ಕೋರ್ಟಿನ ನಿಗಾದಲ್ಲಿ ಇರುವ ಶಿಕ್ಷೆ, ಕೊಟ್ಟಿತು. ವಿಶ್ವ ಆರೋಗ್ಯ ಸಂಸ್ಥೆ ಸೆಪ್ಟೆಂಬರ್ 17ರ ರೋಗಿ ಸುರಕ್ಷತಾ ದಿನಕ್ಕೆ ಔಷಧಿ ಸುರಕ್ಷತೆಯನ್ನು ವಿಷಯ ಮಾಡಿದ್ದೂ ಅದೇ ವರ್ಷ.

ವಾಟ್ ತಪ್ಪು ಸಣ್ಣದು ಅಂತ ನಾನು ಹೇಳಲಾರೆ. ವರ್ಸೆಡ್ ನೀರಿನ ಹಾಗೆ ಇರುತ್ತದೆ, ವೆಕ್ಯುರೋನಿಯಂ ಪುಡಿ. ಪುಡಿಗೆ ನೀರು ಬೆರೆಸುವಾಗಲಾದರೂ ಅನುಮಾನ ಬರಬೇಕಿತ್ತು. ಮುಚ್ಚಳದ ಮೇಲೆ ಎಚ್ಚರಿಕೆಯೂ ಬರೆದಿತ್ತು. ಕೊಟ್ಟ ಮೇಲೆ ರೋಗಿಯ ಹತ್ತಿರ ನಿಂತು ನೋಡಲೂ ಇಲ್ಲ. ಕೈಯಲ್ಲಿ ಹಿಡಿದ ವಯಲಿನ ಹೆಸರು ಓದುವುದು ನರ್ಸಿನ ಕೆಲಸ, ಅದನ್ನು ಯಂತ್ರದ ಮೇಲೆ ಹಾಕಲು ಬರುವುದಿಲ್ಲ. ಆದರೆ ತಡೆ ದಾಟಿ ಔಷಧಿ ತೆಗೆಯುವುದನ್ನು ದಿನದ ರೂಢಿ ಮಾಡಿದ್ದು ಒಬ್ಬ ನರ್ಸ್ ಅಲ್ಲ. ಅಷ್ಟು ಅಪಾಯದ ಔಷಧಿಯನ್ನು ಉಳಿದವುಗಳ ಜೊತೆ ಇಟ್ಟದ್ದೂ ಅವರಲ್ಲ. ಕಟಕಟೆಯಲ್ಲಿ ನಿಂತದ್ದು ಮಾತ್ರ ಒಬ್ಬರೇ.

ನಮ್ಮ ಕಾನೂನನ್ನೂ ತಿಳಿದಿರಬೇಕು, ಬಹಳ ನರ್ಸ್‌ಗಳಿಗೆ ಇದು ಗೊತ್ತಿಲ್ಲ. 2024ರ ಜುಲೈ 1ರಿಂದ ಜಾರಿಯಾದ ಭಾರತೀಯ ನ್ಯಾಯ ಸಂಹಿತೆಯ ಸೆಕ್ಷನ್ 106(1)ರಲ್ಲಿ ನಿರ್ಲಕ್ಷ್ಯದಿಂದ ಸಾವಾದರೆ ಐದು ವರ್ಷದವರೆಗೆ ಜೈಲು. ನೋಂದಾಯಿತ ವೈದ್ಯರು ಚಿಕಿತ್ಸೆ ಮಾಡುವಾಗ ಆದರೆ ಎರಡು ವರ್ಷದವರೆಗೆ. ನೋಂದಾಯಿತ ವೈದ್ಯರು ಯಾರು ಅಂತ ಸೆಕ್ಷನ್ನಿನಲ್ಲೇ ವಿವರಣೆ ಇದೆ. ಮೆಡಿಕಲ್ ರಿಜಿಸ್ಟರಿನಲ್ಲಿ ಹೆಸರು ಇರುವ ಡಾಕ್ಟರುಗಳು ಮಾತ್ರ. ನಮ್ಮ ಹೆಸರು ಇರುವುದು ನರ್ಸಿಂಗ್ ಕೌನ್ಸಿಲ್ ರಿಜಿಸ್ಟರಿನಲ್ಲಿ. ಅಂದರೆ ಡಾಕ್ಟರು ಬರೆದ ಔಷಧಿಯನ್ನು ಕೊಡುವ ನರ್ಸಿಗೆ ಆ ರಿಯಾಯಿತಿ ಇಲ್ಲ. ಇದು ಅನ್ಯಾಯ ಅಂತಲೇ ನನ್ನ ಅಭಿಪ್ರಾಯ, ನರ್ಸ್‌ಗಳ ಸಂಘಗಳು ಗಟ್ಟಿಯಾಗಿ ಕೇಳಬೇಕಾದ ವಿಷಯ.

ಅಲ್ಲಿವರೆಗೆ ನಮ್ಮ ಕಾವಲಿಗೆ ಇರುವುದು ನಮ್ಮ ಬರವಣಿಗೆ. ಏನು ಕೊಟ್ಟಿರಿ, ಎಷ್ಟು, ಯಾವ ದಾರಿಯಿಂದ, ಎಷ್ಟು ಗಂಟೆಗೆ ಅನ್ನುವುದನ್ನು ಕೊಟ್ಟ ಕೂಡಲೇ ಬರೆಯಿರಿ. ಡ್ಯೂಟಿ ಮುಗಿಯುವಾಗ ಎಲ್ಲಾ ಒಟ್ಟಿಗೆ ಬರೆಯುವ ಅಭ್ಯಾಸ ಬಿಡಿ. ಯೂನಿಟ್ ಅನ್ನುವುದಕ್ಕೆ ‘ಯು’ ಅನ್ನುವ ಇಂಗ್ಲಿಷ್ ಅಕ್ಷರ ಒಂದನ್ನೇ ಹಾಕಬೇಡಿ, ಸೊನ್ನೆಯ ಹಾಗೆ ಕಂಡು 10 ಹೋಗಿ 100 ಆಗುತ್ತದೆ. ರಾತ್ರಿ ಡಾಕ್ಟರು ಫೋನಿನಲ್ಲಿ ಆರ್ಡರ್ ಹೇಳಿದರೆ ಮೊದಲು ಬರೆದುಕೊಳ್ಳಿ, ಆಮೇಲೆ ಬರೆದದ್ದನ್ನು ಅವರಿಗೇ ಓದಿ ಹೇಳಿ. ಫಿಫ್ಟೀನ್, ಫಿಫ್ಟಿ ಎರಡೂ ಫೋನಿನಲ್ಲಿ ಒಂದೇ ಥರ ಕೇಳುತ್ತವೆ. ‘ಸರ್, ಒಂದು, ಐದು, ಹದಿನೈದು, ಹೌದಾ?’ ಅಂತ ಕೇಳಿದರೆ ಯಾವ ಡಾಕ್ಟರೂ ಬೈಯುವುದಿಲ್ಲ. ಬೈದರೂ ಕೇಳಿ. ಬೆಳಿಗ್ಗೆ ಬಂದಾಗ ಸಹಿ ಹಾಕಿಸಿಕೊಳ್ಳಿ.

ಬರೆಯುವ ಮಾತು ಬಂದಾಗ ಪಕ್ಕದ ಬಳ್ಳಾರಿ ನೆನಪಾಗದೆ ಇರುವುದಿಲ್ಲ. 2024ರ ನವೆಂಬರಿನಲ್ಲಿ ಅಲ್ಲಿ ಸಿಸೇರಿಯನ್ ಆದ ಬಾಣಂತಿಯರು ಒಬ್ಬರ ಹಿಂದೆ ಒಬ್ಬರು ತೀರಿಕೊಂಡರು. ಅವರಿಗೆ ರಕ್ತನಾಳದ ಮೂಲಕ ಹಾಕಿದ್ದ ರಿಂಗರ್ ಲ್ಯಾಕ್ಟೇಟ್ ಅನ್ನುವ ಡ್ರಿಪ್ ಬಾಟ್ಲಿಗಳ ಮೇಲೆ ಅನುಮಾನ ಬಂತು, ಸರ್ಕಾರ ಆ ಕಂಪನಿಯ ದ್ರಾವಣದ ಬಳಕೆ ನಿಲ್ಲಿಸಿತು. ಬಾಣಂತಿಯರ ವಾರ್ಡಿನಲ್ಲಿ ಕೆಲಸ ಮಾಡುವ ನಮಗೆ ಆ ದಿನಗಳಲ್ಲಿ ಬಾಟ್ಲಿ ಕೈಗೆತ್ತಿಕೊಂಡರೆ ಎದೆ ಝಲ್ ಅನ್ನುತ್ತಿತ್ತು. ಇಂಥ ಕಡೆ ನರ್ಸ್ ಏನು ಮಾಡಬಹುದು? ಬಾಟ್ಲಿಯೊಳಗೆ ಏನಿದೆ ಅಂತ ನಾವು ಪರೀಕ್ಷೆ ಮಾಡಲಾರೆವು. ಬೆಳಕಿಗೆ ಹಿಡಿದು ಕಸ, ಬಣ್ಣ, ಸೋರಿಕೆ ನೋಡಬಹುದು. ಹಾಕಿದ ಮೇಲೆ ಚಳಿ, ನಡುಕ ಬಂದರೆ ತಕ್ಷಣ ನಿಲ್ಲಿಸಿ ಡಾಕ್ಟರಿಗೆ ಹೇಳಿ, ಬಾಟ್ಲಿಯನ್ನೂ ಸೆಟ್ಟನ್ನೂ ಕಸಕ್ಕೆ ಹಾಕದೆ ಎತ್ತಿಡಬಹುದು. ಯಾರಿಗೆ ಯಾವ ಬ್ಯಾಚಿನ ಬಾಟ್ಲಿ ಹಾಕಿದೆವು ಅಂತ ಬರೆದಿಟ್ಟರೆ ಕೆಟ್ಟ ಬ್ಯಾಚ್ ಅಂತ ಗೊತ್ತಾದ ದಿನ ಅದನ್ನು ಪಡೆದವರನ್ನು ಹುಡುಕಬಹುದು.

ನಮ್ಮ ವಾರ್ಡಿನಲ್ಲಿ ಈಗ ಬಾಟ್ಲಿ ಹಚ್ಚುವವರೇ ಬ್ಯಾಚ್ ನಂಬರನ್ನು ಕೇಸ್ ಶೀಟಿನಲ್ಲಿ ಬರೆಯುತ್ತಾರೆ. ಇದು ಇನ್ನೊಂದು ಹೆಚ್ಚಿನ ಕೆಲಸ ಅಂತ ಮೊದಲು ಗೊಣಗಾಟ ಇತ್ತು. ಈಗ ಯಾರಾದರೂ ಮರೆತರೆ ಮುಂದಿನ ಡ್ಯೂಟಿಯವರು ಹ್ಯಾಂಡೋವರ್ ತೆಗೆದುಕೊಳ್ಳುವುದಿಲ್ಲ. ಹೊಸ ಬ್ಯಾಚ್ ಬಂದ ದಿನ ವಾರ್ಡಿಗೆ ಒಂದು ಚೀಟಿ ಕಳಿಸಿ ಅಂತ ಸ್ಟೋರಿನವರಿಗೂ ಬರೆದು ಕೊಟ್ಟಿದ್ದೆವು. ಕಳಿಸುತ್ತಿದ್ದಾರೆ.