ತರಬೇತಿಯ ಲೆಕ್ಕ: ಕಾಲರ್ ಲೈನಿನಲ್ಲಿ ಸಿಕ್ಕ ಗಂಟು

ಮೂರು ತಿಂಗಳು ಕೂಡಿಸಿದ ಲೆಕ್ಕ ಮೊನ್ನೆ ರಾತ್ರಿ ಮಗುಚಿಬಿತ್ತು.

ಪೀಣ್ಯದ ನಮ್ಮ ಗಾರ್ಮೆಂಟ್ಸ್‌ನಲ್ಲಿ ಕಾಲರ್ ಹೊಲಿಯುವವರಿಗೆ ಕೊಟ್ಟ ತರಬೇತಿಯಿಂದ ಕೆಲಸ ಸುಧಾರಿಸಿತೇ ಎಂದು ಅಳೆಯಲು ನಾನು ಸ್ವಂತ ಆಸಕ್ತಿಯಿಂದ ಕುಳಿತಿದ್ದೆ. ಕೊನೆಯ ದಿನ ಬರೆಸಿಕೊಳ್ಳುವ ‘ಚೆನ್ನಾಗಿತ್ತು’ ಕಾಗದಗಳನ್ನು ಬದಿಗಿಟ್ಟಿದ್ದೆ. ತರಬೇತಿಯ ಫಲ ಅಳೆಯಲು ಡೊನಾಲ್ಡ್ ಕರ್ಕ್‌ಪ್ಯಾಟ್ರಿಕ್ 1959ರಲ್ಲಿ ಹೇಳಿದ ನಾಲ್ಕು ಹಂತಗಳಲ್ಲಿ ಅದು ಮೊದಲನೆಯದು ಮಾತ್ರ. ನನಗೆ ಬೇಕಿದ್ದದ್ದು ಎಫಿಷಿಯೆನ್ಸಿ, ಅಂದರೆ ಪಾಳಿಯ ಸಮಯದಲ್ಲಿ ಎಷ್ಟು ಪಾಲಿನ ಕೆಲಸ ಹೊರಬಂತು ಎಂಬುದು: ಪೀಸಿಗೆ 0.6 ನಿಮಿಷದ ಕೆಲಸ, 480 ನಿಮಿಷದ ಪಾಳಿ, 400 ಪೀಸ್ ಆದರೆ ಶೇ 50. ಪೀಸ್ ಎಣಿಸಲು ತರಿಸಿದ ಕೌಂಟರ್ ದಾರ ಕತ್ತರಿಸಿದರೂ ಒಂದು ಎಣಿಸುತ್ತದೆ. ಮಾರಿದವರು ಫೋನ್ ಎತ್ತುವುದಿಲ್ಲ. ಕೊನೆಗೆ ಪೀಸುಗಳ ಕಟ್ಟಿನೊಂದಿಗೆ ಬರುವ ಬಂಡಲ್ ಚೀಟಿಗಳನ್ನೇ ನಂಬಿದೆ. ತರಬೇತಿ ಪಡೆದವರ ಅಂಕಿ ಮರುತಿಂಗಳು ಏರಿತ್ತು. ಹಿಗ್ಗಿಹೋದೆ.

ಆಗ ಕಣ್ಣಿಗೆ ಬಿದ್ದದ್ದು ಮೂರನೇ ಲೈನಿನ ಒಬ್ಬ ಅಕ್ಕನ ಸಾಲು. ತರಬೇತಿಯ ಪಟ್ಟಿಯಲ್ಲಿ ಅವರ ಹೆಸರಿತ್ತು, ಆದರೆ ಮಶೀನ್ ಸಾಲದೆ ತರಬೇತಿಯಿಂದ ವಾಪಸ್ ಕಳಿಸಿದ್ದರು. ಅವರ ಅಂಕಿಯೂ ಅಷ್ಟೇ ಏರಿತ್ತು! ಕೇಳಿದರೆ, “ಪಟ್ಟಿ ಮಾಡಿದ ತಿಂಗಳು ಮಗನಿಗೆ ಡೆಂಗಿ ಸರ್. ರಾತ್ರಿಯೆಲ್ಲ ಆಸ್ಪತ್ರೆ. ಹಗಲು ಕೈ ಎಲ್ಲಿ ಓಡುತ್ತದೆ?” ಎಂದರು.

ಗಂಟು ಅಲ್ಲಿತ್ತು. ಸೂಪರ್‌ವೈಸರ್ ತರಬೇತಿಗೆ ಆರಿಸಿದ್ದು ಆ ತಿಂಗಳು ತೀರ ಹಿಂದೆ ಬಿದ್ದವರನ್ನು. ಮಗುವಿನ ಜ್ವರ ಇಳಿದರೆ, ಜಾರುವ ಬಟ್ಟೆ ಹೋಗಿ ಕಾಟನ್ ಬಂದರೆ, ಅಂಥವರು ತಾವಾಗಿಯೇ ಮಾಮೂಲಿ ಮಟ್ಟಕ್ಕೆ ಬರುತ್ತಾರೆ. ವಿಜ್ಞಾನಿ ಫ್ರಾನ್ಸಿಸ್ ಗಾಲ್ಟನ್ 1886ರಲ್ಲಿ ತಂದೆತಾಯಿ ಮತ್ತು ಮಕ್ಕಳ ಎತ್ತರ ಹೋಲಿಸಿ ತೋರಿಸಿದ ‘ಸರಾಸರಿಯತ್ತ ಮರಳುವಿಕೆ’ ಇದೇ. ಒಬ್ಬರ ಮೇಲೆ ತೀರ್ಮಾನ ಬೇಡವೆಂದು ಹಳೆಯ ರಿಜಿಸ್ಟರ್ ತೆಗೆದೆ. ತರಬೇತಿಯೇ ಇಲ್ಲದ ತಿಂಗಳುಗಳಲ್ಲೂ ಕೊನೆಯ ಹತ್ತು ಮಂದಿಯಲ್ಲಿ ಹೆಚ್ಚಿನವರು ಮರುತಿಂಗಳು ಏರಿದ್ದರು. ಅದನ್ನೆಲ್ಲ ನಾನು ತರಬೇತಿಯ ಖಾತೆಗೆ ಜಮಾ ಮಾಡಿದ್ದೆ. ಅದಕ್ಕಿಂತ ನೋಯಿಸಿದ್ದು, ಎರಡು ದಿನ ರಜೆ ಬೇಕಿದ್ದ ತಾಯಿಯನ್ನು ನಮ್ಮ ಪಟ್ಟಿ ‘ಕೌಶಲ ಸಾಲದು’ ಎಂದು ಬರೆದದ್ದು.

ತರಬೇತಿಗೆ ಯಾರೆಂದು ಇನ್ನು ಚೀಟಿ ಎತ್ತುವುದೇ ಸರಿ. ಬೆಂಗಳೂರಿನದೇ ಗಾರ್ಮೆಂಟ್ಸ್‌ಗಳಲ್ಲಿ ಅರ್ಥಶಾಸ್ತ್ರಜ್ಞರಾದ ಅಚ್ಯುತ ಅಧ್ವರ್ಯು, ನಮ್ರತಾ ಕಲಾ, ಅನಂತ್ ನ್ಯಶಧಮ್ ಹಾಗೆಯೇ ಮಾಡಿದ್ದರು: ಸಂವಹನ ಮೊದಲಾದ ಕೌಶಲಗಳ ತರಬೇತಿಗೆ ಮುಂದೆ ಬಂದ ಹೆಂಗಸರಲ್ಲಿ ಲಾಟರಿ ಎತ್ತಿ, ಸಿಕ್ಕವರನ್ನು ಸಿಗದವರೊಂದಿಗೆ ಹೋಲಿಸಿದರು. ಉತ್ಪಾದಕತೆ ಚೆನ್ನಾಗಿಯೇ ಏರಿತ್ತು, ಸಂಬಳ ಏರಿದ್ದು ಮಾತ್ರ ಅತ್ಯಲ್ಪ. ಅದನ್ನು ಓದಿದಾಗಿನಿಂದ ಮುಂದಿನ ಲೆಕ್ಕ ತಲೆಯಲ್ಲಿ ಕುಳಿತಿದೆ: ಹೆಚ್ಚು ಹೊಲಿದ ಪೀಸಿನಲ್ಲಿ ಹೊಲಿದವರ ಕೈಗೆ ಎಷ್ಟು ಬಂತು? ಸಂಬಳದ ಕಾಲಂ ಈಗಲೇ ಗೆರೆ ಎಳೆದಿಟ್ಟಿದ್ದೇನೆ.

ಸೋಮವಾರ ಊಟದ ಬಿಡುವಿನಲ್ಲಿ ಸ್ಟೀಲ್ ಡಬ್ಬಿಯಿಂದ ಚೀಟಿ ಎತ್ತುತ್ತೇವೆ. ಹೆಸರು ಬಾರದವರಿಗೆ ಎರಡನೇ ತಂಡದಲ್ಲಿ ಖಂಡಿತ ಜಾಗವಿದೆ ಎಂದು ಬರೆದು ಗೋಡೆಗೆ ಅಂಟಿಸಿದ್ದೇನೆ. ಡಬ್ಬಿ ಆ ಅಕ್ಕನದೇ.