ಕ್ಲೈಂಟ್‌ಗಳ ವೆಬ್‌ಸೈಟ್ ಕೆಲಸದಲ್ಲಿ ಪಳಗಲು ಮುಂದೇನು ಕಲಿಯಬೇಕು?

ಈ ವೃತ್ತಿಗೆ ಹೊಸದಾಗಿ ಇಳಿದವರು ನನ್ನನ್ನು ಪದೇ ಪದೇ ಕೇಳುವ ಪ್ರಶ್ನೆಯೊಂದಿದೆ: ‘ನಾಲ್ಕಾರು ಕ್ಲೈಂಟ್‌ಗಳಿಗೆ ಸೈಟ್ ಮಾಡಿಕೊಟ್ಟಾಗಿದೆ, ಇನ್ನೂ ಪಳಗಲು ಮುಂದೆ ಏನನ್ನು ಕಲಿಯಲಿ?’ ಹೊಸ ಫ್ರೇಮ್‌ವರ್ಕ್ ಒಂದರ ಹೆಸರನ್ನು ಹೇಳುತ್ತೇನೆಂದು ಅವರು ಕಾಯುತ್ತಿರುತ್ತಾರೆ. ಆದರೆ ನಾನು ಹೇಳುವುದು, ನಡೆಯುತ್ತಿರುವ ಸೈಟೊಂದನ್ನು ಅದರ ಓದುಗರಿಗೆ ಸುಳಿವೇ ಸಿಗದಂತೆ ಒಂದು ಹೋಸ್ಟಿಂಗ್‌ನಿಂದ (ಸೈಟನ್ನು ಇರಿಸುವ ಸರ್ವರ್ ಸೇವೆ) ಮತ್ತೊಂದಕ್ಕೆ ಸಾಗಿಸಲು ಕಲಿಯಿರಿ ಎಂದು.

ಸಾಗಿಸಲು ಕುಳಿತಾಗಲೇ ನಮಗೆ ತಿಳಿಯದಿರುವುದೆಲ್ಲ ಎದುರಾಗುತ್ತದೆ. ಡೊಮೈನ್, ಅಂದರೆ ಸೈಟಿನ ವಿಳಾಸದ ಹೆಸರು, ಯಾರ ಹೆಸರಿನಲ್ಲಿದೆ, ನವೀಕರಣದ ಸೂಚನೆ ಯಾರ ಇಮೇಲ್‌ಗೆ ಹೋಗುತ್ತದೆ ಎಂಬುದೇ ಎಷ್ಟೋ ಸಲ ಗೊತ್ತಿರುವುದಿಲ್ಲ. ಡೊಮೈನ್ ಕ್ಲೈಂಟ್‌ನ ಸ್ವಂತ ಖಾತೆಯಲ್ಲೇ ಇರಬೇಕು. ಅನುಕೂಲಕ್ಕೆಂದು ನಮ್ಮ ಖಾತೆಯಲ್ಲಿ ಇರಿಸಿಕೊಳ್ಳುವುದು ಇಬ್ಬರಿಗೂ ತೊಡಕು.

ನಾನು ಎಡವಿದ್ದು ಡಿಎನ್‌ಎಸ್‌ನಲ್ಲಿ, ಅಂದರೆ ಡೊಮೈನ್ ಹೆಸರು ಯಾವ ಸರ್ವರ್‌ಗೆ ಸೇರಿದ್ದೆಂದು ತಿಳಿಸುವ ವ್ಯವಸ್ಥೆಯಲ್ಲಿ. ಆರಂಭದ ದಿನಗಳಲ್ಲಿ ಒಂದು ಸೈಟನ್ನು ಸಾಗಿಸುವಾಗ ಈ ರೆಕಾರ್ಡ್‌ಗಳನ್ನು ಇಟ್ಟುಕೊಳ್ಳುವ ನೇಮ್‌ಸರ್ವರ್‌ಗಳನ್ನೇ ಬದಲಿಸಿ, ಹೊಸ ಕಡೆ ಸೈಟಿನ ಸರ್ವರ್ ವಿಳಾಸ ಹೇಳುವ ಎ ರೆಕಾರ್ಡ್ ಮಾತ್ರ ಬರೆದು, ಇಮೇಲ್ ಯಾವ ಸರ್ವರ್‌ಗೆ ಹೋಗಬೇಕೆಂದು ಹೇಳುವ ಎಂಎಕ್ಸ್ ರೆಕಾರ್ಡನ್ನು ಮರೆತಿದ್ದೆ. ಸೈಟ್ ಸೊಗಸಾಗಿ ತೆರೆಯುತ್ತಿದ್ದುದರಿಂದ ಕ್ಲೈಂಟ್‌ಗೆ ಇಮೇಲ್ ಬರುವುದು ನಿಂತಿದ್ದು ಅರ್ಧ ದಿನ ಯಾರ ಗಮನಕ್ಕೂ ಬರಲಿಲ್ಲ. ಈಗ ಇಮೇಲ್ ಅಸಲಿಯೆಂದು ಪರಿಶೀಲಿಸಲು ನೆರವಾಗುವ ಎಸ್‌ಪಿಎಫ್, ಡಿಕೆಐಎಂ ಸಹಿತ ಎಲ್ಲ ರೆಕಾರ್ಡ್‌ಗಳನ್ನೂ ಮೊದಲು ಬರೆದಿಟ್ಟುಕೊಳ್ಳುತ್ತೇನೆ, ಮತ್ತು ಸಾಧ್ಯವಾದಲ್ಲೆಲ್ಲ ನೇಮ್‌ಸರ್ವರ್‌ಗಳನ್ನು ಮುಟ್ಟದೆ ಎ ರೆಕಾರ್ಡ್ ಒಂದನ್ನೇ ಬದಲಿಸುತ್ತೇನೆ. ಅದರ ಟಿಟಿಎಲ್ (ರೆಕಾರ್ಡನ್ನು ಎಷ್ಟು ಹೊತ್ತು ನೆನಪಿನಲ್ಲಿ ಇಟ್ಟುಕೊಳ್ಳಬಹುದೆಂಬ ಅವಧಿ) 86400 ಸೆಕೆಂಡ್ ಇದ್ದರೆ ಹಳೆಯ ವಿಳಾಸ ಒಂದು ಇಡೀ ದಿನ ಕ್ಯಾಶ್‌ಗಳಲ್ಲಿ, ಅಂದರೆ ತಾತ್ಕಾಲಿಕ ಸಂಗ್ರಹಗಳಲ್ಲಿ, ಉಳಿಯಬಹುದಾದ್ದರಿಂದ, ಎರಡು ದಿನ ಮುಂಚೆಯೇ ಅದನ್ನು 300ಕ್ಕೆ ಇಳಿಸುತ್ತೇನೆ. ಹಳೆಯ ಹೋಸ್ಟಿಂಗನ್ನು ಕನಿಷ್ಠ ಒಂದು ವಾರ ಮುಚ್ಚುವುದಿಲ್ಲ.

ಬ್ಯಾಕಪ್ ವಿಚಾರವೂ ಇಲ್ಲೇ ಇತ್ಯರ್ಥವಾಗುತ್ತದೆ. ಡೇಟಾಬೇಸ್ ಮಾತ್ರ ಉಳಿಸಿ, ಅಪ್‌ಲೋಡ್ ಆದ ಚಿತ್ರಗಳನ್ನು ಬಿಟ್ಟ ಬ್ಯಾಕಪ್‌ನ ಕೊರತೆ ಅದನ್ನು ಬೇರೊಂದು ಸರ್ವರ್‌ನಲ್ಲಿ ತೆರೆದು ನೋಡುವವರೆಗೂ ತಿಳಿಯುವುದಿಲ್ಲ. ಹೀಗೆ ತೆರೆದ ಸ್ಟೇಜಿಂಗ್ (ಪರೀಕ್ಷೆಗೆಂದೇ ಇರುವ) ಪ್ರತಿಯಲ್ಲೇ ಪ್ಲಗಿನ್‌ಗಳ, ಅಂದರೆ ಸೈಟಿಗೆ ಸೇರಿಸಿದ ಹೆಚ್ಚುವರಿ ಸಾಫ್ಟ್‌ವೇರ್‌ಗಳ, ಅಪ್‌ಡೇಟ್‌ಗಳನ್ನೂ ಪರೀಕ್ಷಿಸಬಹುದು. ಈ ಪುಟಗಳನ್ನು ಹುಡುಕಾಟದಲ್ಲಿ ತೋರಿಸಬೇಡಿ ಎನ್ನಲು ಅಲ್ಲಿ ಹಾಕಿದ ‘ನೋಇಂಡೆಕ್ಸ್’ ಸೂಚನೆಯನ್ನು ತೆಗೆಯದೆ ಸೈಟನ್ನು ಪ್ರಕಟಿಸಿಬಿಟ್ಟರೆ ಅದು ಹುಡುಕಾಟದ ಫಲಿತಾಂಶಗಳಿಂದಲೇ ಮಾಯವಾಗಬಹುದು; ಅನುಭವಿಗಳೂ ಮಾಡುವ ತಪ್ಪಿದು.

ಪುಟಗಳ ವಿಳಾಸ ಬದಲಾದರೆ ಹಳೆಯ ವಿಳಾಸಕ್ಕೆ ಬಂದವರನ್ನು ಹೊಸದಕ್ಕೆ ಕಳಿಸುವ 301 (ಶಾಶ್ವತ) ಮರುನಿರ್ದೇಶನ ಕೊಡಿ. ವೇಗದ ಬಗ್ಗೆ ಹೆಚ್ಚು ತಲೆಕೆಡಿಸಿಕೊಳ್ಳಬೇಕಿಲ್ಲ: ಪುಟದ ಮುಖ್ಯ ಭಾಗ 2.5 ಸೆಕೆಂಡಿನೊಳಗೆ ಕಾಣಿಸಬೇಕೆಂಬುದು ಗೂಗಲ್‌ನ ಮಾನದಂಡ, ಅದನ್ನು ಮೀರುವ ಸೈಟ್‌ಗಳಲ್ಲಿ ನಾನು ಮೊದಲು ನೋಡುವುದು ಕುಗ್ಗಿಸದೆ ಹಾಕಿದ ಚಿತ್ರಗಳನ್ನು.

ಅಭ್ಯಾಸಕ್ಕೆ ಕ್ಲೈಂಟ್‌ನ ಸೈಟ್ ಬೇಡ. ನಿಮ್ಮದೇ ಸಣ್ಣ ಸೈಟೊಂದನ್ನು ಎರಡು ಸಲ ಅತ್ತಿಂದಿತ್ತ ಸಾಗಿಸಿ, ತಡವರಿಸಿದ ಜಾಗಗಳನ್ನು ಗುರುತು ಹಾಕಿಕೊಳ್ಳಿ. ಮೊದಲ ಕ್ಲೈಂಟ್‌ನ ಸೈಟ್ ಸಾಗಿಸುವ ದಿನ ಆ ಹಾಳೆಯನ್ನು ಪಕ್ಕದಲ್ಲಿಟ್ಟುಕೊಂಡೇ ಕೆಲಸಕ್ಕೆ ಕುಳಿತುಕೊಳ್ಳಿ.